ಕೇಸಿನಲ್ಲಿ ಕಚ್ಚಿಕೊಂಡ ಬೇರಿಂಗ್: ಪುಲ್ಲರ್ ಮತ್ತೆ ಹಾಕುವ ಮುನ್ನ

ಪ್ರಶ್ನೆ: ಹಳೆಯ ಸಿಂಗಲ್ ಸಿಲಿಂಡರ್ ಬೈಕಿನ ಎಂಜಿನ್ ಅನ್ನು ಮನೆಯಲ್ಲೇ ಪೂರ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. ಗೇರ್‌ಬಾಕ್ಸ್ ಶಾಫ್ಟಿನ ಒಂದು ತುದಿಯ 6203 ಬೇರಿಂಗ್ ಕೂತಿರುವ ಗೂಡಿನ ಹಿಂಬದಿ ಮುಚ್ಚಿದೆ, ಆ ಕಡೆಯಿಂದ ಹೊಡೆದು ತೆಗೆಯಲು ದಾರಿಯಿಲ್ಲ. ಹಾಟ್ ಏರ್ ಗನ್ನಿನಲ್ಲಿ ಕಾಯಿಸಿ, ಒಳಗಿನಿಂದ ಹಿಡಿಯುವ ಪುಲ್ಲರ್ ಹಾಕಿ ಎಳೆದೆ. ಒಂದು ಪಕ್ಕ ಸುಮಾರು ಒಂದು ಮಿಮೀ ಮೇಲೆ ಬಂದು ನಿಂತುಬಿಟ್ಟಿತು. ಈಗ ಮೇಲಕ್ಕೂ ಬರುತ್ತಿಲ್ಲ, ಕೆಳಕ್ಕೂ ಇಳಿಯುತ್ತಿಲ್ಲ. ಗ್ಯಾಸ್ ಟಾರ್ಚ್ ಹಿಡಿಯಬಹುದೇ? ಹಿಂದೆ ಗ್ರೀಸ್ ತುಂಬಿ ಹೊಡೆಯಿರಿ ಎಂದು ಒಬ್ಬರು, ವೆಲ್ಡಿಂಗ್ ಹಾಕಿಸಿ ಎಂದು ಇನ್ನೊಬ್ಬರು ಹೇಳಿದ್ದಾರೆ. ಎಂಜಿನ್ನಿನ ಹೊರಕವಚವಾದ ಕೇಸ್ ಒಡೆಯದೆ ಇದನ್ನು ಹೊರಗೆ ತರುವುದು ಹೇಗೆ?

ಉತ್ತರ: ಕೇಸ್ ಇನ್ನೂ ಒಡೆದಿಲ್ಲ, ಬೇರಿಂಗ್ ಹೇಗೂ ಬದಲಾಯಿಸುವಂಥದ್ದು. ಆದ್ದರಿಂದ ಪರಿಸ್ಥಿತಿ ನಿಮಗೆ ಕಂಡಷ್ಟು ಕೆಟ್ಟದಾಗಿಲ್ಲ. ಇಲ್ಲಿಂದ ಮುಂದೆ ಬೇರಿಂಗ್ ಹಾಳಾದರೆ ಹಾಳಾಗಲಿ, ಕೇಸಿಗೆ ಒಂದು ಗೀರೂ ಬೀಳಬಾರದು ಎಂಬ ಲೆಕ್ಕದಲ್ಲಿ ಹೆಜ್ಜೆ ಇಡಿ. ಪುಲ್ಲರ್ ಸದ್ಯಕ್ಕೆ ಪಕ್ಕಕ್ಕಿರಲಿ. ನಿಮಗೆ ಕಡಿಮೆ ಬಿದ್ದಿರುವುದು ಬಲವಲ್ಲ, ಬಿಸಿ.

ಅದು ಯಾಕೆ ಎಂದು ಲೆಕ್ಕ ಹಾಕಿಯೇ ನೋಡೋಣ. 6203 ಬೇರಿಂಗಿನ ಒಳ ಅಳತೆ 17 ಮಿಮೀ, ಹೊರ ಅಳತೆ 40, ದಪ್ಪ 12. ಕೇಸಿನಲ್ಲಿ ಅದು ಕೂರುವ ಗೂಡನ್ನು ಬೇರಿಂಗಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕೊರೆದಿರುತ್ತಾರೆ. ಈ ಅಳತೆಯ ಬೇರಿಂಗಿಗೆ ಆ ವ್ಯತ್ಯಾಸ ಬಹುಮಟ್ಟಿಗೆ 0.01ರಿಂದ 0.04 ಮಿಮೀ ಒಳಗೆ ಇರುತ್ತದೆ. ಬೇರಿಂಗ್ ನಿಂತಿರುವುದೇ ಈ ಬಿಗಿಯಲ್ಲಿ. ಒಂದು ಡಿಗ್ರಿ ಬಿಸಿಗೆ ಅಲ್ಯುಮಿನಿಯಂ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗಿದರೆ, ಬೇರಿಂಗ್ ಉಕ್ಕು ಸುಮಾರು 12 ಪಾಲು ಮಾತ್ರ ಹಿಗ್ಗುತ್ತದೆ. ಕೋಣೆಯ ಬಿಸಿ 25 ಡಿಗ್ರಿ ಎಂದುಕೊಳ್ಳಿ. ಕೇಸು, ಬೇರಿಂಗು ಎರಡನ್ನೂ 120ಕ್ಕೆ ಒಯ್ದರೆ ಗೂಡು ಸುಮಾರು 0.087 ಮಿಮೀ ಅಗಲವಾಗುತ್ತದೆ, ಬೇರಿಂಗ್ 0.046 ದೊಡ್ಡದಾಗುತ್ತದೆ. ನಿಮ್ಮ ಲಾಭ 0.04 ಮಿಮೀ. ಇದ್ದ ಬಿಗಿ ಪೂರ್ತಿ ಸಡಿಲವಾಗಲು ಇಷ್ಟು ಸಾಕು. ಅದೇ 60 ಡಿಗ್ರಿಗೆ ನಿಲ್ಲಿಸಿದರೆ ಸಿಗುವುದು ಬರೀ 0.015. ಕೈಗೆ ಸುಡುವಷ್ಟು ಬಿಸಿ ಇದೆ, ಆದರೂ ಬೇರಿಂಗ್ ಅಲ್ಲಾಡುವುದಿಲ್ಲ. ಹಾಟ್ ಏರ್ ಗನ್ ಹಿಡಿದವರಲ್ಲಿ ಬಹಳಷ್ಟು ಜನ ನಿಲ್ಲುವುದು ಇಲ್ಲೇ.

ಕಾಯಿಸಿದರೆ ತೂತು ಚಿಕ್ಕದಾಗುವುದಿಲ್ಲವೇ ಎಂಬ ಅನುಮಾನ ಕೆಲವರಿಗೆ ಇರುತ್ತದೆ. ಇಲ್ಲ. ಲೋಹ ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತದೆ, ಅದರೊಳಗಿನ ತೂತೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ.

ಗನ್ನಿನ ತೊಂದರೆ ಅಷ್ಟೇ ಅಲ್ಲ. ಅಲ್ಯುಮಿನಿಯಂ ಬಿಸಿಯನ್ನು ಬೇಗ ಹರಿಸುವ ಲೋಹ. ಒಂದೇ ಕಡೆ ಗಾಳಿ ಹಿಡಿದರೆ ಅಲ್ಲಿಯ ಬಿಸಿ ಇಡೀ ಕೇಸಿಗೆ ಹರಿದುಹೋಗುತ್ತದೆ, ಗೂಡಿನ ಸುತ್ತ ಬೇಕಾದ ಮಟ್ಟಕ್ಕೆ ಏರುವುದೇ ಇಲ್ಲ. ಅದರ ಮೇಲೆ ಜನ ಗನ್ನನ್ನು ನೇರವಾಗಿ ಬೇರಿಂಗಿನ ಮುಖಕ್ಕೇ ಹಿಡಿಯುತ್ತಾರೆ. ಆಗ ಕೇಸಿಗಿಂತ ಮೊದಲು ಬೇರಿಂಗ್ ಕಾದು ಹಿಗ್ಗಿ, ಇದ್ದ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಕಾಯಬೇಕಾದ್ದು ಕೇಸ್.

ಕಾಯಿಸುವ ಮಾತು ಇನ್ನೂ ಇದೆ. ಅದಕ್ಕೂ ಮೊದಲು ಬ್ಯಾಟರಿ ಟಾರ್ಚ್ ಹಾಕಿ ಗೂಡಿನ ಸುತ್ತ ನೋಡಿ. ಬಿಗಿ ಫಿಟ್ ಬಿಟ್ಟು ಬೇರೇನಾದರೂ ಆ ಬೇರಿಂಗನ್ನು ಹಿಡಿದಿದೆಯೇ? ಗೇರ್‌ಬಾಕ್ಸ್ ಬೇರಿಂಗುಗಳಿಗೆ ತಗಡಿನ ರಿಟೇನರ್ ಪ್ಲೇಟ್ ಇರುವುದು ಸಾಮಾನ್ಯ. ಅದನ್ನು ತೆಗೆದಿದ್ದೇನೆ ಎಂದುಕೊಂಡು, ಎಣ್ಣೆಯ ಕಸರಿನಡಿ ಮುಚ್ಚಿಹೋದ ಇನ್ನೊಂದು ಸ್ಕ್ರೂ ಬಿಟ್ಟುಬಿಟ್ಟವರಿದ್ದಾರೆ. ಕೆಲವು ಗೂಡುಗಳ ಬಾಯಲ್ಲಿ ಸರ್ಕ್ಲಿಪ್ (ತೋಡಿನಲ್ಲಿ ಕೂರುವ ಸ್ಪ್ರಿಂಗ್ ಬಳೆ) ಇರುತ್ತದೆ. ಕೆಲವು ಬೇರಿಂಗುಗಳ ಹೊರಮೈಯಲ್ಲಿ ತೋಡು ತೆಗೆದು ಅರ್ಧ ರಿಂಗ್ ಕೂರಿಸಿರುತ್ತಾರೆ, ಕೆಲವಕ್ಕೆ ಸಣ್ಣ ಪಿನ್ ಕೊಟ್ಟಿರುತ್ತಾರೆ. ಹಿಂದಿನ ಮೆಕ್ಯಾನಿಕ್ ಗೂಡಿನ ಅಂಚಿಗೆ ಪಂಚ್ ಹೊಡೆದು ಅಲ್ಯುಮಿನಿಯಂ ಅನ್ನು ಬೇರಿಂಗಿನ ಮೇಲೆ ಬಾಗಿಸಿರುವುದೂ ಉಂಟು. ಇವುಗಳಲ್ಲಿ ಒಂದು ಉಳಿದಿದ್ದರೂ ನೀವು ಎಳೆಯುವುದು ಬೇರಿಂಗನ್ನಲ್ಲ, ಕೇಸಿನ ತುಂಡನ್ನು.

ರಿಟೇನರ್ ಸ್ಕ್ರೂ ಇದ್ದರೆ ಅದನ್ನು ಬಿಚ್ಚುವುದೂ ಒಂದು ಕೆಲಸವೇ. ಅವಕ್ಕೆ ಕಂಪನಿಯಲ್ಲೇ ಥ್ರೆಡ್ ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿರುತ್ತಾರೆ. ಜಪಾನಿ ವಿನ್ಯಾಸದ ಎಂಜಿನ್ನುಗಳ ಪ್ಲಸ್ ಸ್ಕ್ರೂವಿನ ತಲೆಯ ತೋಡಿಗೂ ಸಾಮಾನ್ಯ ಪ್ಲಸ್ ಸ್ಕ್ರೂಡ್ರೈವರಿನ ತುದಿಗೂ ಸರಿಯಾದ ಹೊಂದಿಕೆ ಇಲ್ಲ. ಬಲ ಹಾಕಿದೊಡನೆ ತುದಿ ಮೇಲೆದ್ದು ಸ್ಕ್ರೂ ತಲೆ ಸವೆಯುತ್ತದೆ. ಅದಕ್ಕೆ ಹೊಂದುವ ತುದಿ, ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್, ಹೊಡೆಯುವ ಮುನ್ನ ಸ್ಕ್ರೂ ತಲೆಗೆ ದೊಡ್ಡ ಸೋಲ್ಡರಿಂಗ್ ಐರನ್ ಇಟ್ಟು ಕೆಲವು ನಿಮಿಷ ಬಿಸಿ, ಇಷ್ಟು ಜೊತೆಯಾದರೆ ಬಹುತೇಕ ಬಿಚ್ಚುತ್ತವೆ. ಗಟ್ಟಿ ಜಾತಿಯ ಥ್ರೆಡ್ ಲಾಕ್ ಮೆತ್ತಗಾಗಲು 250 ಡಿಗ್ರಿಯ ಹತ್ತಿರ ಬೇಕು. ಹಾಗಾಗಿ ಆ ಬಿಸಿಯನ್ನು ಸ್ಕ್ರೂವಿಗೆ ಮಾತ್ರ ಕೊಡಿ, ಕೇಸಿಗೆ ಬೇಡ.

ಇನ್ನು ನಿಮ್ಮ ಬೇರಿಂಗ್ ಓರೆಯಾಗಿ ನಿಂತ ವಿಷಯ. ಓರೆಯಾದ ಮೇಲೆ ಎಳೆಯುವುದು ಮುಂದುವರಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೇಜಿನ ಡ್ರಾಯರ್ ನೆನಪಿಸಿಕೊಳ್ಳಿ. ಒಂದು ಪಕ್ಕ ಮುಂದೆ ಬಂದು ಸಿಕ್ಕಿಕೊಂಡ ಡ್ರಾಯರನ್ನು ಜಗ್ಗಿದಷ್ಟೂ ಕಚ್ಚುತ್ತದೆ, ಒಳಗೆ ತಳ್ಳಿ ನೇರ ಮಾಡಿದರೆ ಸಲೀಸಾಗಿ ಬರುತ್ತದೆ. 40 ಮಿಮೀ ಅಗಲ, ಬರೀ 12 ಮಿಮೀ ದಪ್ಪದ ಬೇರಿಂಗ್ ಬೇಗ ಓರೆಯಾಗುವ ಆಕಾರದ್ದೇ. ಅದರ ಗಟ್ಟಿ ಅಂಚು ಮೆತ್ತನೆಯ ಅಲ್ಯುಮಿನಿಯಮ್ಮಿಗೆ ಎದುರುಬದುರು ಎರಡು ಕಡೆ ಇಳಿದಿರುತ್ತದೆ. ಈಗ ಎಳೆದರೆ ಆ ಅಂಚು ಗೂಡಿನ ಗೋಡೆಯನ್ನು ಉದ್ದಕ್ಕೂ ಕೆರೆದುಕೊಂಡೇ ಮೇಲೆ ಬರುತ್ತದೆ. ಗೂಡು ಹೀಗೆ ಗೀರಿಹೋದರೆ ಹೊಸ ಬೇರಿಂಗ್ ಬಿಗಿಯಾಗಿ ನಿಲ್ಲುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಬೇರಿಂಗನ್ನು ಮತ್ತೆ ಕೆಳಗಿಳಿಸಿ ಸಮ ಮಾಡುವುದು. ಇಳಿಯುತ್ತಿಲ್ಲ ಎನ್ನುತ್ತೀರಿ, ಅದೂ ಬಿಸಿ ಸಾಲದೆ. ಕೇಸನ್ನು ಮುಂದೆ ಹೇಳುವಂತೆ 120ಕ್ಕೆ ಕಾಯಿಸಿ, ಮೇಲೆದ್ದಿರುವ ಪಕ್ಕದ ಔಟರ್ ರೇಸಿನ (ಬೇರಿಂಗಿನ ಹೊರಗಿನ ಬಳೆಯ) ಮೇಲೆ ಹಿತ್ತಾಳೆ ಸರಳಿಟ್ಟು ಮೆಲ್ಲಗೆ ತಟ್ಟಿ. ಇನ್ನರ್ ರೇಸಿಗೆ, ಅಂದರೆ ಒಳಗಿನ ಬಳೆಗೆ, ತಟ್ಟಬೇಡಿ, ಅದು ಗುಂಡುಗಳ ಮೇಲೆ ವಾಲುತ್ತದೆಯೇ ಹೊರತು ಹೊರಗಿನ ಬಳೆ ಸಮವಾಗುವುದಿಲ್ಲ. ತುಸು ಇಳಿದ ಮೇಲೆ 38 ಅಥವಾ 39 ಮಿಮೀ ಹೊರ ಅಳತೆಯ ಸಾಕೆಟ್ ಇಲ್ಲವೇ ಪೈಪ್ ತುಂಡನ್ನು ಔಟರ್ ರೇಸಿನ ಮೇಲೆ ಕೂರಿಸಿ ತಳಕ್ಕೆ ಕೂರುವವರೆಗೆ ತಟ್ಟಿ. ತಳ ಮುಟ್ಟಿದಾಗ ಸದ್ದು ಬದಲಾಗುತ್ತದೆ, ಮಂಕು ಸದ್ದು ಹೋಗಿ ಗಟ್ಟಿ ಸದ್ದು ಬರುತ್ತದೆ. ವರ್ನಿಯರ್ ಕ್ಯಾಲಿಪರಿನ ಹಿಂಬದಿಯ ಆಳ ಅಳೆಯುವ ಕಡ್ಡಿಯಿಂದ ಮೂರು ಕಡೆ ಆಳ ನೋಡಿ ಸಮವಾಗಿದೆಯೇ ಖಾತ್ರಿ ಮಾಡಿಕೊಳ್ಳಿ.

ಆಮೇಲೆ ಕೇಸ್ ತಣ್ಣಗಾಗಲು ಬಿಡಿ. ಗೂಡಿನ ಬಾಯಿಯ ಸುತ್ತ ಬೆರಳಾಡಿಸಿ. ನೀವು ಎಳೆದಾಗ ಎದ್ದ ಅಲ್ಯುಮಿನಿಯಂ ಅಂಚು, ಪುಲ್ಲರಿನ ಕಾಲು ಒತ್ತಿದ ಉಬ್ಬು ಎಲ್ಲ ಬೆರಳಿಗೆ ತಾಗುತ್ತವೆ. ಚೂಪಾದ ಚಾಕು ಅಥವಾ ಮೂರುಮೂಲೆಯ ಸ್ಕ್ರೇಪರಿನಿಂದ ಆ ಉಬ್ಬನ್ನು ಮಾತ್ರ ತೆಗೆಯಿರಿ. ಅದನ್ನು ಬಿಟ್ಟರೆ ಬೇರಿಂಗ್ ಮೇಲೆ ಬರುವಾಗ ಅಲ್ಲೇ ಮತ್ತೆ ಸಿಕ್ಕಿಕೊಳ್ಳುತ್ತದೆ.

ಗೂಡಿನ ಅಂಚಿನಲ್ಲಿ ಬಿಳಿ ಪುಡಿಯಂಥದ್ದು ಅಥವಾ ತುಕ್ಕಿನ ಕಂದು ಗೆರೆ ಕಂಡರೆ ಎಂಜಿನ್ನಿಗೆ ನೀರು ಹೋಗಿದ್ದ ಗುರುತು. ಉಕ್ಕು, ಅಲ್ಯುಮಿನಿಯಂ ಒಂದಕ್ಕೊಂದು ತಾಗಿ ತೇವದಲ್ಲಿದ್ದರೆ ಅಲ್ಯುಮಿನಿಯಂ ತಿನ್ನಿಸಿಕೊಂಡು ಹುಡಿಯಾಗುತ್ತದೆ, ಆ ಹುಡಿ ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಾಗಿದ್ದರೆ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡುವುದು ಒಳ್ಳೆಯದು. ತುಕ್ಕಿಲ್ಲದ ಕಡೆ ಆ ಎಣ್ಣೆಯಿಂದ ಹೇಳಿಕೊಳ್ಳುವ ಉಪಯೋಗವಿಲ್ಲ. ಬಿಗಿ ಫಿಟ್ಟಿನಲ್ಲಿ ಎಣ್ಣೆ ಇಳಿಯಲು ಸಂದಿಯೇ ಇರುವುದಿಲ್ಲ.

ಈಗ ಕಾಯಿಸುವ ಕ್ರಮ. ಎಲ್ಲಕ್ಕಿಂತ ಒಳ್ಳೆಯದು ಓವನ್. ಇಡೀ ಕೇಸ್ ಒಂದೇ ಸಮನೆ ಕಾಯುತ್ತದೆ, ಎಲ್ಲೂ ಸೊಟ್ಟಗಾಗುವುದಿಲ್ಲ. ಆದರೆ ಅಡುಗೆಗೆ ಬಳಸುವ ಓವನ್ ಬೇಡ. ಎಷ್ಟೇ ತೊಳೆದರೂ ಎರಕದ ರಂಧ್ರಗಳಿಂದ ಹಳೆಯ ಆಯಿಲ್ ಹೊಗೆಯಾಗಿ ಬರುತ್ತದೆ. ಓವನ್ನಿಗೆ ಇಡುವ ಮುನ್ನ ಆಯಿಲ್ ಸೀಲ್, ಓ ರಿಂಗ್, ನ್ಯೂಟ್ರಲ್ ಸ್ವಿಚ್, ಪ್ಲಾಸ್ಟಿಕ್ ಗೈಡ್ ಎಲ್ಲ ಬಿಚ್ಚಿ. ಕೇಸನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆದು ಹಾಗೆಯೇ ಓವನ್ನಿಗೆ ಇಟ್ಟರೆ ಬೆಂಕಿಯನ್ನು ಕರೆದಂತೆ. ಬ್ರೇಕ್ ಕ್ಲೀನರ್ ಬಳಸಿದ್ದರೆ ಡಬ್ಬಿಯ ಮೇಲೆ ಓದಿ ನೋಡಿ. ಕ್ಲೋರಿನ್ ಸೇರಿದ ಜಾತಿಯದ್ದಾದರೆ ಅದರ ಪಸೆ ಟಾರ್ಚಿನ ಜ್ವಾಲೆಗೋ ವೆಲ್ಡಿಂಗ್ ಕಿಡಿಗೋ ಸಿಕ್ಕಾಗ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಈ ಒಂದು ವಿಷಯದಲ್ಲಿ ಉಪೇಕ್ಷೆ ಮಾಡಬೇಡಿ.

ಓವನ್ನನ್ನು 120ಕ್ಕೆ ಇಟ್ಟು ಅರ್ಧದಿಂದ ಮುಕ್ಕಾಲು ಗಂಟೆ ಬಿಡಿ. ಓವನ್ನಿನ ಮುಳ್ಳು 120 ತೋರಿಸಿದ ಕೂಡಲೇ ಕೇಸೂ 120ಕ್ಕೆ ಬಂದಿದೆ ಎಂದಲ್ಲ, ಗೂಡಿನ ಸುತ್ತಲಿನ ದಪ್ಪ ಭಾಗ ಕೊನೆಗೆ ಕಾಯುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಂದು ಎಚ್ಚರಿಕೆ: ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಕಪ್ಪು ಮಾರ್ಕರಿನಿಂದ ಒಂದು ಕಡೆ ದಟ್ಟವಾಗಿ ಬಳಿದು ಅಲ್ಲಿ ಅಳೆಯಿರಿ. ಮೀಟರ್ ಇಲ್ಲದಿದ್ದರೆ ನೀರಿನ ಹನಿ ಸಾಕು. ಹನಿ ಬಿದ್ದೊಡನೆ ಚುಂಯ್ ಎಂದು ಕುದಿದು ಆರಿದರೆ 100 ದಾಟಿದೆ. ಆರದೆ ಗುಂಡಾಗಿ ಅತ್ತಿತ್ತ ಓಡಾಡಿದರೆ ಬೇಕಾದ್ದಕ್ಕಿಂತ ತುಂಬ ಹೆಚ್ಚು ಕಾಯಿಸಿದ್ದೀರಿ. 120ಕ್ಕೆ ಬರದಿದ್ದರೆ 150ರ ತನಕ ಹೋಗಬಹುದು. ಅದಕ್ಕೂ ಮೇಲೆ ಹೋಗುವುದನ್ನು ನಾನು ಒಪ್ಪುವುದಿಲ್ಲ. 200ರ ಆಸುಪಾಸಿನಲ್ಲಿ ಹೊತ್ತು ಕಳೆದರೆ ಎರಕದ ಅಲ್ಯುಮಿನಿಯಂ ತನ್ನ ಗಟ್ಟಿತನ ಕಳೆದುಕೊಳ್ಳತೊಡಗುತ್ತದೆ.

ಓವನ್ ಬಾಗಿಲು ತೆಗೆಯುವ ಮೊದಲೇ ದಪ್ಪ ಕೈಗವಸು, ಮರದ ಹಲಗೆಗಳು, ಪುಲ್ಲರ್, ಸ್ಪ್ಯಾನರ್ ಎಲ್ಲ ಕೈಗೆಟುಕುವಲ್ಲಿ ಇರಬೇಕು. ಹೊರಗೆ ತೆಗೆದ ಮೇಲೆ ನಿಮಗೆ ಸಿಗುವುದು ಒಂದೆರಡು ನಿಮಿಷ ಮಾತ್ರ. ಕೇಸಿನ ಗೋಡೆ ತೆಳು, ಗಾಳಿಗೆ ಬೇಗ ಆರುತ್ತದೆ. ಬೇರಿಂಗ್ ಗಟ್ಟಿ ಉಕ್ಕಿನ ಮುದ್ದೆ, ನಿಧಾನಕ್ಕೆ ಆರುತ್ತದೆ. ಕೇಸ್ ಆರಿ ಬೇರಿಂಗ್ ಇನ್ನೂ ಬಿಸಿಯಿರುವ ಹೊತ್ತಿಗೆ ಹಿಡಿತ ತಣ್ಣಗಿದ್ದಾಗಿನದಕ್ಕಿಂತಲೂ ಜಾಸ್ತಿ ಇರುತ್ತದೆ. ಆ ಹೊತ್ತಿನಲ್ಲಿ ಎಳೆಯುವುದು ದಂಡ. ಸಮಯ ಮೀರಿತು ಅನ್ನಿಸಿದರೆ ಹಟ ಮಾಡದೆ ಕೇಸನ್ನು ಮತ್ತೆ ಓವನ್ನಿಗಿಡಿ.

ಹೊರಗೆ ತೆಗೆದ ಕೂಡಲೇ ಮೊದಲ ಪ್ರಯತ್ನ ಪುಲ್ಲರಿನದ್ದಲ್ಲ. ಗೂಡಿನ ಬಾಯಿ ಕೆಳಗಾಗುವಂತೆ ಕೇಸನ್ನು ಮಗುಚಿ, ಎರಡು ಸಮತಟ್ಟಾದ ಮರದ ಹಲಗೆಗಳ ಮೇಲೆ ಜೋರಾಗಿ ಕುಕ್ಕಿ. ಹಲಗೆಗಳ ನಡುವೆ ಬೇರಿಂಗ್ ಬೀಳಲು ಜಾಗವಿರಲಿ. ಗ್ಯಾಸ್ಕೆಟ್ ಮುಖ (ಕೇಸಿನ ಎರಡು ಭಾಗ ಕೂಡುವ ಮೈ) ಅಗಲವಾಗಿ ಹಲಗೆಗೆ ತಾಗಬೇಕು, ಒಂದು ಮೂಲೆ ಮಾತ್ರ ಬಡಿಯಬಾರದು. ತುಕ್ಕು ಹಿಡಿಯದ ಎಂಜಿನ್ನುಗಳಲ್ಲಿ ಬೇರಿಂಗ್ ಇಷ್ಟಕ್ಕೇ ಟಪ್ ಎಂದು ಬೀಳುವುದು ಅಪರೂಪವೇನಲ್ಲ. ಕೆಲವೊಮ್ಮೆ ಓವನ್ನಿನಲ್ಲೇ ಬಿದ್ದಿರುತ್ತದೆ.

ಬೀಳದಿದ್ದರೆ ಆಗ ಪುಲ್ಲರ್. ಒಳಗಿನಿಂದ ಹಿಡಿಯುವ ಪುಲ್ಲರಿನ ತುದಿಯ ತುಟಿ ಇನ್ನರ್ ರೇಸಿನ ಹಿಂಬದಿಗೆ ಪೂರ್ತಿ ಇಳಿದು ಕಚ್ಚಬೇಕು. ಬೇರಿಂಗಿನ ಹಿಂದೆ ತುಸು ಟೊಳ್ಳು ಇದ್ದರೆ ಮಾತ್ರ ಇದು ಸಾಧ್ಯ, ನಿಮ್ಮದು ಒಂದು ಸಲ ಎದ್ದಿದೆ ಎಂದರೆ ಆ ಜಾಗ ಇದೆ. ಕೇಸ್ ತಣ್ಣಗಿರುವಾಗಲೇ ಒಮ್ಮೆ ಹಾಕಿ, ಬಿಗಿದು, ಬಿಚ್ಚಿ ಅಭ್ಯಾಸ ಮಾಡಿಕೊಳ್ಳಿ. ನಿಮ್ಮದು ಓರೆಯಾಗಲು ಕಾರಣ ಬಹುಶಃ ಪುಲ್ಲರಿನ ಜಾರು ಸುತ್ತಿಗೆಯ (ಸರಳಿನ ಮೇಲೆ ತೂಕ ಜಾರಿಸಿ ಏಟು ಕೊಡುವ ಸಾಧನ) ಸರಳು ನೇರವಾಗಿಲ್ಲದೆ ಒಂದು ಕಡೆ ವಾಲಿದ್ದು. ಪ್ರತಿ ಏಟೂ ಒಂದೇ ಪಕ್ಕಕ್ಕೆ ಬಿದ್ದಿದೆ.

ನನ್ನ ಒಲವು ಜಾರು ಸುತ್ತಿಗೆಗಿಂತ ಸೇತುವೆ ಪುಲ್ಲರಿನ ಕಡೆ. ಗೂಡಿನ ಬಾಯಿಗಿಂತ ಅಗಲವಾದ, 40 ಮಿಮೀಗೆ ಮೀರಿದ ಒಳ ಅಳತೆಯ ಪೈಪ್ ತುಂಡನ್ನು ಗೂಡಿನ ಸುತ್ತಲಿನ ದಪ್ಪ ಅಂಚಿನ ಮೇಲೆ ನಿಲ್ಲಿಸಿ. ಅದರ ಮೇಲೆ ನಡುವೆ ತೂತಿರುವ ದಪ್ಪ ಪಟ್ಟಿ, ಪಟ್ಟಿಯ ತೂತಿನಲ್ಲಿ ಪುಲ್ಲರಿನ ಸರಳು, ಮೇಲೆ ವಾಷರ್, ನಟ್. ನಟ್ ಬಿಗಿದಂತೆ ಬೇರಿಂಗ್ ನೇರವಾಗಿ, ಏಟಿಲ್ಲದೆ ಮೇಲೆ ಬರುತ್ತದೆ. ಪೈಪಿನ ಎರಡೂ ತುದಿಯನ್ನು ಲೇತಿನಲ್ಲಿ ಸಮ ಮಾಡಿಸಿಕೊಳ್ಳಿ, ಸೊಟ್ಟ ಪೈಪ್ ಸೊಟ್ಟಗೇ ಎಳೆಯುತ್ತದೆ. ಆಧಾರವನ್ನು ತೆಳುಗೋಡೆಯ ಮೇಲೋ ಗ್ಯಾಸ್ಕೆಟ್ ಮುಖದ ಮೇಲೋ ನೇರವಾಗಿ ಕೊಡಬೇಡಿ. ಪುಲ್ಲರ್ ಸಿಗದವರು ಗೋಡೆಗೆ ಹಾಕುವ ಹಿಗ್ಗುವ ಆಂಕರ್ ಬೋಲ್ಟನ್ನೇ ಇನ್ನರ್ ರೇಸಿನೊಳಗೆ ಇಳಿಸಿ, ಹಿಂಬದಿಯಲ್ಲಿ ಹಿಗ್ಗುವಂತೆ ಬಿಗಿದು, ಇದೇ ಸೇತುವೆಯಿಂದ ಎಳೆಯುವುದುಂಟು. 17 ಮಿಮೀ ತೂತಿಗೆ ಹೊಂದುವ ಅಳತೆ ಹುಡುಕಿದರೆ ಕೆಲಸ ಮಾಡುತ್ತದೆ. ಆದರೆ ಬೋಲ್ಟಿನ ತುದಿ ಗೂಡಿನ ತಳಕ್ಕೆ ತಾಗಿ ಒತ್ತದಂತೆ ನೋಡಿಕೊಳ್ಳಿ. ಆ ತಳದ ಗೋಡೆ ಎಷ್ಟು ತೆಳು ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ.

ಇನ್ನೂ ಒಂದು ಉಪಾಯ. ಓವನ್ನಿನಿಂದ ತೆಗೆದ ಕೂಡಲೇ, ಮಂಜುಗಡ್ಡೆಯಂತೆ ತಣ್ಣಗಿರುವ ದಪ್ಪ ಉಕ್ಕಿನ ತುಂಡನ್ನು ಬೇರಿಂಗಿನ ಮುಖಕ್ಕೆ ಒತ್ತಿ ಹಿಡಿಯುವುದು. ಕೇಸ್ ಬಿಸಿಯಾಗಿಯೇ ಇದ್ದು ಬೇರಿಂಗ್ ಒಂದು 40 ಡಿಗ್ರಿ ಇಳಿದರೂ ಮತ್ತೆ ಸುಮಾರು 0.02 ಮಿಮೀ ಸಡಿಲ ಸಿಕ್ಕಿದಂತೆ. ನೀರು ಸುರಿಯಬೇಡಿ, ಬಿಸಿ ಎರಕಕ್ಕೆ ಒಂದೇ ಕಡೆ ನೀರು ಬಿದ್ದರೆ ಬಿರುಕಿನ ಭಯ.

ಗ್ಯಾಸ್ ಟಾರ್ಚ್ ಬಗ್ಗೆ ಕೇಳಿದ್ದೀರಿ. ಓವನ್ ಇಲ್ಲದಿದ್ದರೆ ಹಿಡಿಯಬಹುದು, ಎರಡು ಷರತ್ತಿನ ಮೇಲೆ. ಒಂದು, ಜ್ವಾಲೆ ಬೇರಿಂಗಿಗೆ ತಾಗಕೂಡದು. ಗೂಡಿನ ಹೊರಬದಿಯಿಂದ, ಅದರ ಸುತ್ತ ಒಂದು ಗೇಣು ಅಗಲಕ್ಕೆ ಸುತ್ತುತ್ತಲೇ ಇರಬೇಕು, ಎಲ್ಲೂ ನಿಲ್ಲಬಾರದು. ಹೀಗೆ ಬೇಗ ಕಾಯಿಸಿದಾಗ ಒಂದು ಅನುಕೂಲವೂ ಇದೆ: ಬೇರಿಂಗಿಗೆ ಬಿಸಿ ಹರಿಯುವ ಮೊದಲೇ ಕೇಸ್ ಹಿಗ್ಗುತ್ತದೆ, ಓವನ್ನಿಗಿಂತ ಹೆಚ್ಚು ಸಡಿಲ ಸಿಗುತ್ತದೆ. ಎರಡು, ಕೇಸ್ ಅಲ್ಯುಮಿನಿಯಮ್ಮಿನದೇ ಎಂಬುದು ಗಟ್ಟಿಯಾಗಿರಬೇಕು. ಕೆಲವು ಎಂಜಿನ್ನುಗಳ ಕೇಸು, ಕವರುಗಳು ಮೆಗ್ನೀಸಿಯಂ ಮಿಶ್ರಲೋಹದವು. ಅವುಗಳ ಹತ್ತಿರ ಬೆಂಕಿ ತರಲೇಬಾರದು. ಹೊತ್ತಿಕೊಂಡ ಮೆಗ್ನೀಸಿಯಂ ನೀರಿಗೂ ಆರುವುದಿಲ್ಲ, ನೀರು ಬಿದ್ದರೆ ಇನ್ನೂ ಜೋರಾಗಿ ಉರಿಯುತ್ತದೆ.

ಗ್ರೀಸ್ ತುಂಬಿ ಹೊಡೆಯುವ ಉಪಾಯ ನಿಮ್ಮ ಬೇರಿಂಗಿಗೆ ಹೊಂದುವುದಿಲ್ಲ. ಹಿಂಬದಿ ಮುಚ್ಚಿದ ಗೂಡಿನಲ್ಲಿರುವ ಬುಷ್ (ಗುಂಡುಗಳಿಲ್ಲದ ಕೊಳವೆಯಂಥ ತುಂಡು) ತೆಗೆಯಲು ಅದು ಒಳ್ಳೆಯ ಉಪಾಯ. ತೂತಿಗೆ ಸರಿಹೊಂದುವ ಸರಳನ್ನು ಹೊಡೆದಾಗ ಗ್ರೀಸಿನ ಒತ್ತಡ ಬುಷ್ಷನ್ನು ಹಿಂದಿನಿಂದ ಮೇಲೆತ್ತುತ್ತದೆ. ಆದರೆ ಬಾಯ್ದೆರೆದ ಬಾಲ್ ಬೇರಿಂಗಿನಲ್ಲಿ ಗುಂಡುಗಳ ನಡುವಿನಿಂದಲೇ ಗ್ರೀಸ್ ಹೊರಗೆ ಚಿಮ್ಮುತ್ತದೆ, ಒತ್ತಡ ನಿಲ್ಲುವುದೇ ಇಲ್ಲ. ಜೊತೆಗೆ ಗೇರ್‌ಬಾಕ್ಸಿನ ಇಂಥ ಗೂಡುಗಳ ತಳದಲ್ಲಿ ಹಲವು ಸಲ ಆಯಿಲ್ ಓಡಾಡುವ ಸಣ್ಣ ತೂತಿರುತ್ತದೆ. ಗ್ರೀಸ್ ಅದರೊಳಗೆ ಹೊಕ್ಕು ಕೂತರೆ ತೆಗೆಯುವುದು ಇನ್ನೊಂದು ಪಾಡು. ಒತ್ತಡ ನಿಂತರೂ ಅದು ತಳದ ತೆಳುಗೋಡೆಯನ್ನೂ ಅಷ್ಟೇ ಒತ್ತುತ್ತದೆ ಎಂಬುದನ್ನು ಮರೆಯಬೇಡಿ.

ವೆಲ್ಡಿಂಗ್ ಒಳ್ಳೆಯ ಮದ್ದೇ, ಆದರೆ ಬೇರೆ ಕಾಯಿಲೆಗೆ. ಎಳೆಯುವಾಗ ಇನ್ನರ್ ರೇಸ್ ಕಿತ್ತು ಬಂದು, ಗುಂಡುಗಳು ಚೆಲ್ಲಿ, ಔಟರ್ ರೇಸ್ ಮಾತ್ರ ಗೂಡಿನಲ್ಲಿ ಉಳಿಯುವುದುಂಟು. ಹಿಡಿಯಲು ಏನೂ ಇಲ್ಲದ ನುಣುಪು ಬಳೆ ಅದು. ಆಗ ಬಳೆಯ ಒಳಮೈಯಲ್ಲಿ, ಗುಂಡು ಓಡುವ ತೋಡಿನ ಉದ್ದಕ್ಕೂ ಒಂದು ಸುತ್ತು ವೆಲ್ಡಿಂಗ್ ಎಳೆದರೆ, ಕಾದ ಬಳೆ ಹಿಗ್ಗಲು ಹೋಗಿ ಸುತ್ತಲಿನ ತಣ್ಣಗಿನ ಕೇಸಿನ ತಡೆಗೆ ಸಿಕ್ಕಿ ತನ್ನೊಳಗೇ ಕುಗ್ಗುತ್ತದೆ. ಆರಿದಾಗ ಮೊದಲಿಗಿಂತ ಚಿಕ್ಕದಾಗಿರುತ್ತದೆ, ಬೆರಳಿನಿಂದಲೇ ಎತ್ತಬಹುದು. ಕೈ ಪಳಗಿದವರಿಂದ ಮಾತ್ರ ಮಾಡಿಸಿ. ಅರ್ತ್ ಕ್ಲಿಪ್ಪನ್ನು ಆ ಬಳೆಗೇ ಕಚ್ಚಿಸಬೇಕು. ಕೇಸಿನ ಇನ್ನೊಂದು ಮೂಲೆಗೆ ಕಚ್ಚಿಸಿದರೆ ಕರೆಂಟ್ ಗೂಡಿನ ಮೈಯಲ್ಲಿ ಕಿಡಿ ಹಾರಿಸಿ ಗುಳಿ ಮಾಡಬಹುದು. ಕೇಸಿನಲ್ಲಿರುವ ಉಳಿದ ಬೇರಿಂಗುಗಳನ್ನೂ ಮೊದಲೇ ತೆಗೆದಿರಿ. ನಿಮ್ಮ ಬೇರಿಂಗ್ ಇಡಿಯಾಗಿರುವುದರಿಂದ ಈ ಹಂತಕ್ಕೆ ಹೋಗುವ ಅಗತ್ಯ ಸದ್ಯಕ್ಕಿಲ್ಲ.

ಪುಲ್ಲರಿಗೂ ಬಗ್ಗದೆ, ನೀವಾಗಿಯೇ ಆ ಹಂತಕ್ಕೆ ಹೋಗಬೇಕಾದರೆ ಬೇರಿಂಗನ್ನು ಒಡೆಯದೆ ಬಿಚ್ಚುವ ದಾರಿಯಿದೆ. ಗುಂಡುಗಳನ್ನು ಹಿಡಿದಿರುವ ತಗಡಿನ ಕೇಜಿನ ರಿವೆಟ್ ತಲೆಗಳನ್ನು ಸಣ್ಣ ಗ್ರೈಂಡರಿನಿಂದ ತೆಗೆದು, ಕೇಜನ್ನು ಕಿತ್ತು, ಎಲ್ಲ ಗುಂಡುಗಳನ್ನೂ ಒಂದೇ ಪಕ್ಕಕ್ಕೆ ಸರಿಸಿ. ಇನ್ನರ್ ರೇಸ್ ಎದುರು ಪಕ್ಕಕ್ಕೆ ಜರುಗಿ ಹೊರಗೆ ಬರುತ್ತದೆ. ಕಾರ್ಖಾನೆಯಲ್ಲಿ ಈ ಬೇರಿಂಗನ್ನು ಜೋಡಿಸುವುದೂ ಹೀಗೆಯೇ, ನೀವು ಅದನ್ನು ಹಿಂದುಮುಂದಾಗಿ ಮಾಡುತ್ತಿದ್ದೀರಿ ಅಷ್ಟೆ. ಕೇಸಿನ ಉಳಿದ ಭಾಗವನ್ನು ಒದ್ದೆ ಬಟ್ಟೆಯಿಂದ ಮುಚ್ಚಿ, ಗ್ರೈಂಡರಿನ ಪುಡಿ ಆಯಿಲ್ ತೂತಿಗೆ ಸೇರದಿರಲಿ. ಕಣ್ಣಿಗೆ ಗಾಗಲ್ ಇಲ್ಲದೆ ಇದನ್ನು ಮುಟ್ಟಲೇಬೇಡಿ. ಬೇರಿಂಗ್ ಉಕ್ಕು ಗಾಜಿನ ಹಾಗೆ ಸಿಡಿಯುವಷ್ಟು ಗಟ್ಟಿ, ಸುತ್ತಿಗೆಯ ನೇರ ಏಟಿಗೆ ಹಾರುವ ಚೂರು ಕಣ್ಣನ್ನೇ ತೆಗೆಯಬಲ್ಲದು.

ಕ್ರ್ಯಾಂಕಿನ ಮೇಲೆ ಉಳಿದ ಬೇರಿಂಗಿನ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಸ್ ಬಿಚ್ಚಿದವರಿಗೆ ಅದೂ ಎದುರಾಗುತ್ತದೆ. ಅಲ್ಲಿ ಬೇರಿಂಗಿನ ಹಿಂದೆ ಕತ್ತಿಯಂಥ ಅಂಚಿನ ಸೆಪರೇಟರ್ ಹಾಕಿ ಎಳೆಯುವುದೊಂದೇ ಸರಿದಾರಿ. ಕ್ರ್ಯಾಂಕಿನ ತುದಿಗೆ ಸುತ್ತಿಗೆ ಬೇಡ. ಈ ಎಂಜಿನ್ನುಗಳ ಕ್ರ್ಯಾಂಕ್ ತುಂಡುಗಳನ್ನು ಒತ್ತಿ ಜೋಡಿಸಿದ್ದು, ಒಂದು ಏಟಿಗೆ ಕ್ರ್ಯಾಂಕಿನದೇ ಎರಡು ಗಾಲಿಗಳ ಸಮ ತಪ್ಪುತ್ತದೆ. ಅದನ್ನು ಮತ್ತೆ ಸಮಕ್ಕೆ ತರುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಬೇರಿಂಗ್ ಹೊರಗೆ ಬಂದ ಮೇಲೆ ಗೂಡನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಸುತ್ತಲೂ ಬಿರುಕಿದೆ ಎನ್ನಿಸಿದರೆ ಆ ಜಾಗಕ್ಕೆ ಸೀಮೆಎಣ್ಣೆ ಬಿಟ್ಟು, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಸ್ವಲ್ಪ ಹೊತ್ತಿನಲ್ಲಿ ಅದರ ಗೆರೆ ಒದ್ದೆಯಾಗಿ ಮೂಡುತ್ತದೆ. ಗೂಡಿನ ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅಲ್ಲಿ ಔಟರ್ ರೇಸ್ ತಿರುಗುತ್ತಿತ್ತು ಎಂದರ್ಥ. ಆದರೆ ಹಾಗೆ ತಿರುಗಿದ ಬೇರಿಂಗ್ ಇಷ್ಟು ಕಚ್ಚಿಕೊಂಡಿರುವುದಿಲ್ಲ, ನಿಮ್ಮ ಗೂಡು ಗೀರು ಬಿಟ್ಟರೆ ಚೆನ್ನಾಗಿಯೇ ಇರಬೇಕು. ಸಣ್ಣ ಗೀರಿದ್ದರೆ ಅದರ ಎದ್ದ ಅಂಚನ್ನು ಮಾತ್ರ ತೆಗೆಯಿರಿ. ಸ್ಯಾಂಡ್ ಪೇಪರ್ ಹಿಡಿದು ಇಡೀ ಗೂಡನ್ನು ಉಜ್ಜಿದರೆ ನೂರರಲ್ಲಿ ಎರಡು ಮೂರು ಪಾಲು ಮಿಮೀ ಹೋಗಿಯೇ ಹೋಗುತ್ತದೆ, ಇದ್ದ ಬಿಗಿಯೇ ಅಷ್ಟು. ಗೀರು ಆಳವಾಗಿ, ಹೊಸ ಬೇರಿಂಗ್ ತಣ್ಣಗೆ ಕೈಯಲ್ಲೇ ಇಳಿಯುವಂತಿದ್ದರೆ ಬೇರಿಂಗ್ ಹಿಡಿಸುವ ರಿಟೇನಿಂಗ್ ಕಾಂಪೌಂಡ್ ಬಳಸಬಹುದು, ಅಳ್ಳಾಡುವಂತಿದ್ದರೆ ಮಷೀನ್ ಶಾಪಿನಲ್ಲಿ ಸ್ಲೀವ್ ಹಾಕಿಸಬೇಕು. ಗೂಡಿಗೆ ಸುತ್ತ ಪಂಚ್ ಹೊಡೆದು ಬಿಗಿ ಮಾಡುವ ಪದ್ಧತಿ ಇದೆಯಲ್ಲ, ಅದನ್ನು ದಯವಿಟ್ಟು ಮಾಡಬೇಡಿ. ಬೇರಿಂಗ್ ಆ ನಾಲ್ಕಾರು ಚುಕ್ಕೆಗಳ ಮೇಲೆ ಕೂರುತ್ತದೆ, ಸ್ವಲ್ಪ ಓಡಿದ ಮೇಲೆ ಚುಕ್ಕೆಗಳು ಚಪ್ಪಟೆಯಾಗಿ ಮತ್ತೆ ಸಡಿಲ.

ಹೊಸದನ್ನು ಕೂರಿಸುವುದು ಇದರ ಮುಂದೆ ಸುಲಭ. ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ, ಕೇಸನ್ನು 100ರಿಂದ 120ಕ್ಕೆ ಕಾಯಿಸಿ. ಎರಡರ ಅಂತರ ಸೇರಿ 0.1 ಮಿಮೀ ಹತ್ತಿರ ಜಾಗ ಸಿಗುತ್ತದೆ, ನೇರವಾಗಿ ಬಿಟ್ಟರೆ ತಾನೇ ಇಳಿದು ಕೂರುತ್ತದೆ. ಇಳಿದ ಮೇಲೆ ಔಟರ್ ರೇಸನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಬಿಸಿ ಹಂಚಿಹೋಗುವಾಗ ತುಸು ಮೇಲೆದ್ದು ಅಲ್ಲೇ ಕಚ್ಚಿಕೊಳ್ಳಬಹುದು. ಫ್ರೀಜರಿನಿಂದ ಬಂದ ಬೇರಿಂಗಿನ ಮೇಲೆ ನೀರಿನ ಹನಿ ಕೂರುತ್ತದೆ, ಕೂಡಲೇ ಎಂಜಿನ್ ಆಯಿಲ್ ಬಿಡಿ. ಹಳೆಯ ಬೇರಿಂಗಿನ ಮೇಲೆ 6203ರ ಜೊತೆಗೆ ಸಿ3 ಎಂದೂ ಕೊರೆದಿದ್ದರೆ ಹೊಸದೂ ಸಿ3 ಆಗಿರಲಿ. ಅದರ ಒಳಗಿನ ಸಡಿಲ ಮಾಮೂಲಿಗಿಂತ ಹೆಚ್ಚು. ಬಿಗಿ ಗೂಡಿಗೆ ಇಳಿದಾಗ ಆ ಸಡಿಲದಲ್ಲಿ ಒಂದಷ್ಟು ಕರಗುತ್ತದೆ, ಉಳಿದದ್ದೇ ಎಂಜಿನ್ ಬಿಸಿಯಾದಾಗ ಬೇಕಾಗುವುದು. ಕೇಸ್ ಪೂರ್ತಿ ಆರಿದ ಮೇಲೆ ಇನ್ನರ್ ರೇಸನ್ನು ಬೆರಳಿನಿಂದ ತಿರುಗಿಸಿ ನೋಡಿ. ಒಂದೇ ಸಮನೆ ತಿರುಗಬೇಕು. ಅಲ್ಲಲ್ಲಿ ತಡೆದಂತೆ ಅನ್ನಿಸಿದರೆ ಅದು ಓರೆಯಾಗಿ ಕೂತಿದೆ, ಅಥವಾ ಕೂರಿಸುವಾಗ ಏಟು ಗುಂಡುಗಳ ಮೂಲಕ ಹೋಗಿದೆ.

ಎಳೆದು ತೆಗೆದ ಹಳೆಯ ಬೇರಿಂಗ್ ಕೈಯಲ್ಲಿ ಚೆನ್ನಾಗಿಯೇ ತಿರುಗುತ್ತಿದೆ ಎನಿಸಬಹುದು. ಮತ್ತೆ ಹಾಕಬೇಡಿ. ಪುಲ್ಲರಿನ ಬಲವೆಲ್ಲ ಇನ್ನರ್ ರೇಸಿನಿಂದ ಗುಂಡುಗಳ ಮೂಲಕವೇ ಔಟರ್ ರೇಸಿಗೆ ಹೋಗಿದೆ, ಗುಂಡು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳು ಬಿದ್ದಿರುತ್ತವೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಬೇರಿಂಗನ್ನೂ ಈಗಲೇ ಬದಲಾಯಿಸಿ. ಕೇಸ್ ಹೇಗೂ ಓವನ್ನಿಗೆ ಹೋಗುತ್ತದೆ. ಆ ಗೂಡಿನ ಹಿಂಬದಿ ತೆರೆದಿದ್ದರೆ ಪುಲ್ಲರೂ ಬೇಡ, ಬಿಸಿ ಕೇಸಿನಲ್ಲಿ ಹಿಂದಿನಿಂದ ಸರಿಯಾದ ಅಳತೆಯ ಸಾಕೆಟ್ ಇಟ್ಟು ತಟ್ಟಿದರೆ ಬರುತ್ತದೆ.